ಫೋನ್ ಸ್ಕ್ರೀನ್ ಟಿವಿಯಲ್ಲಿ: ಮಿರರಿಂಗ್ ಬೇರೆ, ಕ್ಯಾಸ್ಟಿಂಗ್ ಬೇರೆ

ಇವತ್ತಿನ ವಿಷಯ, ಫೋನಿನಲ್ಲಿರೋದನ್ನ ವೈರ್ ಇಲ್ಲದೆ ಟಿವಿಯಲ್ಲಿ ನೋಡೋದು ಹೇಗೆ ಅನ್ನೋದು. ಇದರ ಬಗ್ಗೆ ನನಗೆ ಬರೋ ಮೆಸೇಜ್‌ಗಳಲ್ಲಿ ಮೂರು ದೂರು ಮತ್ತೆ ಮತ್ತೆ ಕಾಣಿಸುತ್ತೆ. ಒಂದು, ವಿಡಿಯೊ ತಡೆದು ತಡೆದು ಬರುತ್ತೆ. ಎರಡು, ಫೋಟೊ ಚೆನ್ನಾಗಿ ಬರುತ್ತೆ, ಆದರೆ ಒಟಿಟಿ ಸಿನಿಮಾ ಹಾಕಿದ್ರೆ ಟಿವಿ ಕಪ್ಪಾಗುತ್ತೆ. ಮೂರು, ನೆಂಟರಿಗೆ ಮದುವೆ ಫೋಟೊ ತೋರಿಸ್ತಾ ಇದ್ದಾಗ ಬ್ಯಾಂಕ್ ಮೆಸೇಜ್ ಟಿವಿ ಮೇಲೆ ಬಂದುಬಿಡ್ತು.

ಮೂರೂ ಬೇರೆ ಬೇರೆ ತೊಂದರೆ ಅನ್ನಿಸಬಹುದು. ಆದರೆ ಬೇರು ಒಂದೇ. ಫೋನಿನಿಂದ ಟಿವಿಗೆ ಕಳಿಸೋದಕ್ಕೆ ಎರಡು ದಾರಿಗಳಿವೆ, ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೀವಿ. ಒಂದು ಮಿರರಿಂಗ್, ಇನ್ನೊಂದು ಕ್ಯಾಸ್ಟಿಂಗ್.

ಮಿರರಿಂಗ್ ಅಂದ್ರೆ ಹೆಸರೇ ಹೇಳೋ ಹಾಗೆ ಕನ್ನಡಿ. ಫೋನಿನ ಪರದೆ ಮೇಲೆ ಏನೇನು ಕಾಣುತ್ತೋ ಅದೆಲ್ಲ ಟಿವಿಯಲ್ಲೂ ಕಾಣುತ್ತೆ. ಫೋನ್ ತನ್ನ ಪರದೆಯನ್ನ ಪ್ರತಿ ಕ್ಷಣವೂ ವಿಡಿಯೊ ಮಾಡಿ, ಕುಗ್ಗಿಸಿ, ಗಾಳಿಯಲ್ಲಿ ಟಿವಿಗೆ ಕಳಿಸ್ತಾನೇ ಇರುತ್ತೆ. ಕ್ಯಾಸ್ಟಿಂಗ್‌ನಲ್ಲಿ ಹಾಗಲ್ಲ. ಯೂಟ್ಯೂಬ್ ಆ್ಯಪ್‌ನಲ್ಲಿ ಕ್ಯಾಸ್ಟ್ ಗುರುತು ಒತ್ತಿದಾಗ ಫೋನ್ ಟಿವಿಗೆ ವಿಡಿಯೊ ಕಳಿಸೋದೇ ಇಲ್ಲ. 'ಈ ವಿಡಿಯೊ ಇಲ್ಲಿದೆ, ಹಾಕು' ಅಂತ ವಿಳಾಸ ಮಾತ್ರ ಕೊಡುತ್ತೆ. ಟಿವಿ ತಾನೇ ಇಂಟರ್‌ನೆಟ್‌ಗೆ ಹೋಗಿ ತಗೊಂಡು ಬರುತ್ತೆ. ಫೋನ್ ಬರೀ ರಿಮೋಟ್.

ನಾನು ಓದಿದ್ದು ಬಿ.ಕಾಂ, ಹಾಗಾಗಿ ನನಗೆ ಹೊಳೆಯೋ ಹೋಲಿಕೆ ಬ್ಯಾಂಕಿನದ್ದೇ. ಮಿರರಿಂಗ್ ಅಂದ್ರೆ ದುಡ್ಡನ್ನ ನೀವೇ ಚೀಲದಲ್ಲಿ ಹೊತ್ತು ತಂದು ಎಣಿಸಿ ಕೊಟ್ಟ ಹಾಗೆ. ಕ್ಯಾಸ್ಟಿಂಗ್ ಅಂದ್ರೆ ಚೆಕ್ ಬರೆದುಕೊಟ್ಟ ಹಾಗೆ. ಚೆಕ್ ಕೊಟ್ಟ ಮೇಲೆ ನಿಮ್ಮ ಕೈ ಖಾಲಿ. ಅದಕ್ಕೇ ಕ್ಯಾಸ್ಟ್ ಮಾಡಿದಾಗ ನೀವು ಫೋನ್ ಲಾಕ್ ಮಾಡಬಹುದು, ಕಾಲ್‌ನಲ್ಲಿ ಮಾತಾಡಬಹುದು, ಟಿವಿಯಲ್ಲಿ ವಿಡಿಯೊ ಓಡ್ತಾ ಇರುತ್ತೆ. ಮಿರರಿಂಗ್‌ನಲ್ಲಿ ನೀವು ಫೋನಿನಲ್ಲಿ ಏನು ಮಾಡಿದ್ರೂ ಟಿವಿ ಮುಂದೆ ಕೂತವರಿಗೆಲ್ಲ ಕಾಣುತ್ತೆ.

ಗೊಂದಲ ಹುಟ್ಟೋದು ಹೆಸರುಗಳಿಂದ. ಸ್ಯಾಮ್‌ಸಂಗ್ ಫೋನಿನಲ್ಲಿ ಮಿರರಿಂಗ್‌ಗೆ 'ಸ್ಮಾರ್ಟ್ ವ್ಯೂ' ಅಂತಾರೆ, ಐಫೋನಿನಲ್ಲಿ 'ಸ್ಕ್ರೀನ್ ಮಿರರಿಂಗ್'. ಬೇರೆ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೇಲಿಂದ ಪರದೆ ಎಳೆದಾಗ 'ಕ್ಯಾಸ್ಟ್' ಅಥವಾ 'ಸ್ಕ್ರೀನ್ ಕ್ಯಾಸ್ಟ್' ಅಂತಾನೇ ಇರುತ್ತೆ, ಆದರೆ ಅದು ಮಾಡೋದು ಮಿರರಿಂಗ್. ಹಾಗಾಗಿ ಹೆಸರು ನೋಡಬೇಡಿ, ಜಾಗ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿದ್ದರೆ ಸಾಮಾನ್ಯವಾಗಿ ಅದು ಮಿರರಿಂಗ್. ವಿಡಿಯೊ ಆ್ಯಪ್ ಒಳಗೆ, ಟಿವಿ ಚೌಕದ ಮೂಲೆಯಲ್ಲಿ ವೈಫೈ ಅಲೆ ಇರೋ ಗುರುತು ಕಂಡರೆ ಅದು ಕ್ಯಾಸ್ಟಿಂಗ್.

ಇನ್ನು, ಯಾವ ಫೋನಿಗೆ ಯಾವ ಟಿವಿ? ಇಲ್ಲಿ ಮೂರು ಭಾಷೆಗಳಿವೆ. ಮೊದಲನೆಯದು ಮಿರಾಕಾಸ್ಟ್. ವೈಫೈ ಅಲಯನ್ಸ್ ಅನ್ನೋ ಸಂಸ್ಥೆ 2012ರಲ್ಲಿ ತಂದಿದ್ದು. ಇದರಲ್ಲಿ ಫೋನ್ ಮತ್ತು ಟಿವಿ ನೇರವಾಗಿ ಒಂದಕ್ಕೊಂದು ವೈಫೈ ಸಂಪರ್ಕ ಮಾಡಿಕೊಳ್ಳುತ್ತವೆ, ಮನೆಯಲ್ಲಿ ರೂಟರ್ ಬೇಡ, ಇಂಟರ್‌ನೆಟ್ಟೂ ಬೇಡ. ನೆಟ್‌ವರ್ಕ್ ಸಿಗದ ಊರಲ್ಲೂ ಫೋನಿನಲ್ಲಿರೋ ಫೋಟೊ ತೋರಿಸಬಹುದು. ಎರಡನೆಯದು ಗೂಗಲ್ ಕ್ಯಾಸ್ಟ್. 2013ರಲ್ಲಿ ಕ್ರೋಮ್‌ಕಾಸ್ಟ್ ಅನ್ನೋ ಪುಟ್ಟ ಸಾಧನದ ಜತೆ ಬಂತು, ಈಗ ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿಗಳ ಒಳಗೇ ಇರುತ್ತೆ. ಇದಕ್ಕೆ ಸಾಮಾನ್ಯವಾಗಿ ಫೋನ್, ಟಿವಿ ಎರಡೂ ಒಂದೇ ವೈಫೈನಲ್ಲಿರಬೇಕು. ಕ್ಯಾಸ್ಟಿಂಗ್ ಜತೆ ಮಿರರಿಂಗೂ ಇದರಲ್ಲಿ ಆಗುತ್ತೆ. ಮೂರನೆಯದು ಆ್ಯಪಲ್‌ನ ಏರ್‌ಪ್ಲೇ. ಇದೂ ಎರಡೂ ಕೆಲಸ ಮಾಡುತ್ತೆ. 2019ರಿಂದೀಚೆಗೆ ಸ್ಯಾಮ್‌ಸಂಗ್, ಎಲ್‌ಜಿ, ಸೋನಿ ಕಂಪನಿಗಳ ಹಲವು ಟಿವಿಗಳಲ್ಲಿ ಇದು ಬರ್ತಾ ಇದೆ.

ಭಾಷೆ ಹೊಂದದಿದ್ದರೆ ಎಷ್ಟು ಹುಡುಕಿದ್ರೂ ಟಿವಿ ಹೆಸರು ಪಟ್ಟಿಯಲ್ಲಿ ಬರಲ್ಲ. ಐಫೋನಿಗೆ ಮಿರಾಕಾಸ್ಟ್ ಗೊತ್ತಿಲ್ಲ. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲೂ ಮಿರಾಕಾಸ್ಟ್ ಇಲ್ಲ. ಹಾಗಾಗಿ ಟಿವಿ ಕೊಳ್ಳೋಕೆ ಹೋದಾಗ 'ಮಿರರಿಂಗ್ ಇದೆಯಾ?' ಅಂತ ಕೇಳಿದ್ರೆ ಸಾಲದು, ಇದೆ ಅಂತಾನೇ ಉತ್ತರ ಬರುತ್ತೆ. ಈ ಮೂರರಲ್ಲಿ ಯಾವುದಿದೆ ಅಂತ ಕೇಳಿ. ಸಾಧ್ಯವಾದರೆ ನಿಮ್ಮ ಫೋನನ್ನ ಅಂಗಡಿಯಲ್ಲೇ ಕನೆಕ್ಟ್ ಮಾಡಿಸಿ ನೋಡಿ.

ಈಗ ಮೊದಲನೇ ದೂರು, ತಡೆದು ತಡೆದು ಬರೋದು. ಮಿರರಿಂಗ್‌ನಲ್ಲಿ ಯೂಟ್ಯೂಬ್ ನೋಡಿದ್ರೆ ಫೋನ್ ಒಂದೇ ಸಲ ಮೂರು ಕೆಲಸ ಮಾಡುತ್ತೆ: ನೆಟ್‌ನಿಂದ ವಿಡಿಯೊ ತರೋದು, ಪರದೆಯನ್ನ ಮತ್ತೆ ವಿಡಿಯೊ ಮಾಡೋದು, ಟಿವಿಗೆ ಕಳಿಸೋದು. ಫೋನ್ ಬಿಸಿಯಾಗುತ್ತೆ, ಬ್ಯಾಟರಿ ಕರಗುತ್ತೆ. ಪರಿಹಾರ ಸುಲಭ. ಆ್ಯಪ್ ಒಳಗೆ ಕ್ಯಾಸ್ಟ್ ಗುರುತಿದ್ದರೆ ಅದನ್ನೇ ಬಳಸಿ. ಮಿರರಿಂಗೇ ಬೇಕು ಅಂದ್ರೆ, ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಬದಲು 5 ಗಿಗಾಹರ್ಟ್ಸ್ ವೈಫೈಗೆ ಎರಡನ್ನೂ ಸೇರಿಸಿ. 2.4ರಲ್ಲಿ ಅಕ್ಕಪಕ್ಕದ ಮನೆಯ ರೂಟರ್, ಬ್ಲೂಟೂತ್, ಮೈಕ್ರೊವೇವ್ ಓವನ್ ಎಲ್ಲದರ ಗದ್ದಲ ಇರುತ್ತೆ. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟೋದು ಕಷ್ಟ, ಹಾಗಾಗಿ ರೂಟರ್ ಟಿವಿ ಇರೋ ಕೋಣೆಯಲ್ಲೇ ಇದ್ದರೆ ಒಳ್ಳೇದು.

ಮನೆಯಲ್ಲಿ ವೈಫೈ ಇಲ್ಲ, ಫೋನಿನ ಹಾಟ್‌ಸ್ಪಾಟ್ ಕೊಟ್ಟು ಟಿವಿ ನೋಡ್ತೀವಿ ಅನ್ನೋರು ಒಂದು ಲೆಕ್ಕ ಗಮನದಲ್ಲಿಡಿ. ಟಿವಿ ತಾನೇ ವಿಡಿಯೊ ತರುವಾಗ ದೊಡ್ಡ ಪರದೆಗೆ ತಕ್ಕಂತೆ ಹೆಚ್ಚಿನ ಗುಣಮಟ್ಟದ್ದನ್ನ ಆರಿಸಿಕೊಳ್ಳುತ್ತೆ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಖರ್ಚಾಗಬಹುದು ಅಂತ ನೆಟ್‌ಫ್ಲಿಕ್ಸೇ ಹೇಳುತ್ತೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಸಿನಿಮಾದ ಇಂಟರ್ವಲ್‌ಗೆ ಮುಂಚೆಯೇ ಡೇಟಾ ಮುಗಿಯುತ್ತೆ. ಟಿವಿಯಲ್ಲಿ ಗುಣಮಟ್ಟವನ್ನ ಕೈಯಾರೆ ಕಡಿಮೆ ಮಾಡಿಕೊಳ್ಳಿ.

ಎರಡನೇ ದೂರು, ಕಪ್ಪು ಪರದೆ. ಇದು ಟಿವಿ ದೋಷ ಅಲ್ಲ, ಫೋನ್ ದೋಷವೂ ಅಲ್ಲ. ಯಾರಾದ್ರೂ ಸಿನಿಮಾ ಕಾಪಿ ಮಾಡಿಕೊಂಡಾರು ಅಂತ ಒಟಿಟಿ ಆ್ಯಪ್‌ಗಳೇ ಮಿರರಿಂಗ್ ತಡೆಯುತ್ತವೆ. ಕೆಲವೊಮ್ಮೆ ತಡೆ ಇರೋದು ನೀವು ತಗೊಂಡಿರೋ ಪ್ಲಾನ್‌ನಲ್ಲಿ. ನೆಟ್‌ಫ್ಲಿಕ್ಸ್ 2019ರಲ್ಲಿ ಭಾರತಕ್ಕೆ ತಂದ ಮೊಬೈಲ್ ಪ್ಲಾನ್ ಅಗ್ಗ, ಆದರೆ ಅದು ಫೋನ್, ಟ್ಯಾಬ್ಲೆಟ್‌ಗೆ ಮಾತ್ರ. ಇದನ್ನ ಸರಿ ಮಾಡಿಕೊಡ್ತೀವಿ ಅನ್ನೋ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ನಿಮ್ಮ ಪ್ಲಾನ್‌ಗೆ ಟಿವಿ ಸೇರಿದ್ದರೆ, ಟಿವಿಯಲ್ಲೇ ಆ ಆ್ಯಪ್ ಹಾಕಿಕೊಂಡು ಲಾಗಿನ್ ಆಗೋದು ನೆಟ್ಟಗಿನ ದಾರಿ.

ಮೂರನೇದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಕನ್ನಡಿಗೆ ಗುಟ್ಟು ಅನ್ನೋದೇ ಇಲ್ಲ. ಬಹಳಷ್ಟು ಬ್ಯಾಂಕ್ ಆ್ಯಪ್‌ಗಳು ಮಿರರಿಂಗ್‌ನಲ್ಲಿ ತಾವಾಗಿ ಕಪ್ಪಾಗುತ್ತವೆ, ನಿಜ. ಆದರೆ ಮೇಲಿಂದ ಇಳಿಯೋ ಎಸ್ಸೆಮ್ಮೆಸ್, ವಾಟ್ಸ್‌ಆ್ಯಪ್ ಸಂದೇಶ ಕಪ್ಪಾಗಬೇಕು ಅಂತೇನಿಲ್ಲ. 2024ರಲ್ಲಿ ಬಂದ ಆಂಡ್ರಾಯ್ಡ್ 15ರಲ್ಲಿ ಸ್ಕ್ರೀನ್ ಹಂಚಿಕೊಳ್ಳುವಾಗ ಒಟಿಪಿಯನ್ನ ಮರೆಮಾಡೋ ವ್ಯವಸ್ಥೆ ಇದೆ. ಅದಕ್ಕಿಂತ ಹಳೇ ಫೋನ್‌ಗಳು ಎಷ್ಟೋ ಮನೆಗಳಲ್ಲಿವೆ. ಅದಕ್ಕೇ ಮಿರರಿಂಗ್ ಶುರು ಮಾಡೋ ಮುಂಚೆ 'ಡು ನಾಟ್ ಡಿಸ್ಟರ್ಬ್' ಆನ್ ಮಾಡಿ, ಸಂದೇಶಗಳು ಪರದೆ ಮೇಲೆ ತೋರದಂತೆ ಅದರ ಸೆಟ್ಟಿಂಗ್ಸ್‌ನಲ್ಲೂ ಆರಿಸಿ. ಮುಗಿದ ಕೂಡಲೇ ಡಿಸ್‌ಕನೆಕ್ಟ್ ಒತ್ತಿ. ಮಿರಾಕಾಸ್ಟ್ ಗೋಡೆಯಾಚೆಗೂ ತಲುಪುತ್ತೆ, ಅಪಾರ್ಟ್‌ಮೆಂಟ್, ಪಿಜಿಗಳಲ್ಲಿ ಪಕ್ಕದವರ ಟಿವಿಯೂ ಪಟ್ಟಿಯಲ್ಲಿ ಬರಬಹುದು. ಟಿವಿಗೆ ನಿಮ್ಮದೇ ಒಂದು ಹೆಸರಿಡಿ. ಹೊಸ ಫೋನ್ ಸೇರುವಾಗ ಅನುಮತಿ ಅಥವಾ ಪಿನ್ ಕೇಳೋ ಆಯ್ಕೆ ಇದ್ದರೆ ಆನ್ ಮಾಡಿ.

ಮನೆಯ ಟಿವಿಯಲ್ಲಿ ಒಟಿಪಿ ಕಂಡರೆ ಸ್ವಲ್ಪ ಮುಜುಗರ, ಅಷ್ಟೆ. ಇದೇ ಪರದೆ ಅಪರಿಚಿತರ ಕಂಪ್ಯೂಟರ್‌ನಲ್ಲಿ ಕಂಡರೆ ಖಾತೆಯೇ ಖಾಲಿ. ವಂಚಕರು 'ಕೆವೈಸಿ ಸರಿ ಮಾಡ್ತೀವಿ, ಸ್ಕ್ರೀನ್ ಶೇರ್ ಮಾಡಿ' ಅನ್ನೋದು ಇದಕ್ಕೇ. ದೂರದಿಂದಲೇ ಫೋನ್ ನೋಡೋ, ನಿಯಂತ್ರಿಸೋ ಆ್ಯಪ್‌ಗಳ ಮೂಲಕ ನಡೆಯೋ ಇಂಥ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಮನೆಯ ಹಿರಿಯರಿಗೆ ಟಿವಿ ಮಿರರಿಂಗ್ ಹೇಳಿಕೊಡುವಾಗಲೇ ಈ ಮಾತನ್ನೂ ಹೇಳಿ: 'ನೋಡಿ, ನಮ್ಮ ಟಿವಿಯಲ್ಲಿ ಹೇಗೆ ಎಲ್ಲ ಕಾಣ್ತಿದೆಯೋ, ಫೋನ್ ಮಾಡಿದವನಿಗೂ ಹೀಗೇ ಎಲ್ಲ ಕಾಣುತ್ತೆ.' ಕಣ್ಣಾರೆ ಕಂಡಿದ್ದು ಮರೆಯಲ್ಲ. ದುಡ್ಡು ಹೋಗೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕೊನೆಗೆ ಲೆಕ್ಕ ಇಷ್ಟೇ. ಸಿನಿಮಾ, ಹಾಡು, ಕ್ರಿಕೆಟ್ ಆದ್ರೆ ಟಿವಿಯ ಆ್ಯಪ್ ಅಥವಾ ಕ್ಯಾಸ್ಟಿಂಗ್. ಕ್ಯಾಸ್ಟ್ ಗುರುತೇ ಇಲ್ಲದ ಆ್ಯಪ್, ಮಕ್ಕಳ ಆನ್‌ಲೈನ್ ಕ್ಲಾಸ್, ಗ್ಯಾಲರಿಯ ಫೋಟೊ ಆದ್ರೆ ಮಿರರಿಂಗ್, ಅದೂ ಸಂದೇಶಗಳ ಬಾಯಿ ಮುಚ್ಚಿಸಿದ ಮೇಲೆ. ನಿಮ್ಮ ಟಿವಿ, ಫೋನ್ ಜೋಡಿಯಲ್ಲಿ ಏನಾದ್ರೂ ತೊಡಕಿದ್ದರೆ ಎರಡರ ಮಾಡೆಲ್ ಹೆಸರಿನ ಜತೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.