ಸವತೆಯ ಬೇರು ಮತ್ತು ಕಾಂಡಗಳ ರೋಗಗಳು : ಬೀದರ ಸೀಮೆಯ ರೈತರಿಗೆ ಕೆಲವು ಸೂಚನೆಗಳು

ಸವತೆಯು ಅಲ್ಪಕಾಲದ ಬೆಳೆ. ಬೀಜವೂರಿದ ಆರೇಳು ವಾರಗಳಲ್ಲಿಯೇ ಕಾಯಿ ಕೀಳಲು ಬರುವುದರಿಂದ, ಒಂದು ಬಾವಿಯ ನೀರನ್ನೇ ನಂಬಿದ ಸಣ್ಣ ಹಿಡುವಳಿದಾರನಿಗೆ ಇದು ಬೇಗನೆ ಹಣ ತರುವ ಬೆಳೆಯಾಗಿರುತ್ತದೆ. ಆದರೆ ಗೊಬ್ಬರಕ್ಕೂ ಕೂಲಿಗೂ ವೆಚ್ಚಮಾಡಿದ ತರುವಾಯ, ಹೀಚು ಕಟ್ಟುವ ಕಾಲದಲ್ಲಿ ಬಳ್ಳಿಯು ಹಗಲು ಬಾಡಿ, ರಾತ್ರಿ ಚೇತರಿಸಿ, ಕೆಲವೇ ದಿನಗಳಲ್ಲಿ ಒಣಗಿಹೋಗುವುದುಂಟು. ಆಗ ನೀರು ಸಾಲದೆಂದು ಭಾವಿಸಿ ಇನ್ನಷ್ಟು ನೀರು ಹಾಯಿಸುವುದು ಸಾಮಾನ್ಯವಾದ ತಪ್ಪು. ಈ ರೋಗಗಳು ಮಣ್ಣಿನಲ್ಲಿ ನೆಲಸಿ ನೀರಿನೊಡನೆ ಸಂಚರಿಸತಕ್ಕವು. ಆದುದರಿಂದ ಇವುಗಳ ನಿವಾರಣೆಯು ಬಿತ್ತನೆಗೆ ಮುಂಚೆಯೇ ಆರಂಭವಾಗಬೇಕು.

ರೋಗವನ್ನು ಗುರುತಿಸುವ ಬಗೆ

ಬಾಡಿದ ಬಳ್ಳಿಯೊಂದನ್ನು ಬೇರುಸಹಿತ ಕಿತ್ತು ಪರೀಕ್ಷಿಸತಕ್ಕದ್ದು.

೧. ಎಳೆಯ ಸಸಿಗಳು ನೆಲಮಟ್ಟದಲ್ಲಿ ಮೆತ್ತಗಾಗಿ ಬಾಗಿ ಬಿದ್ದಿದ್ದರೆ ಅದು ಸಸಿಕೊಳೆ. ಬೆಳೆದ ಬಳ್ಳಿಯ ಬೇರಿನ ಸಿಪ್ಪೆಯು ಎಳೆದೊಡನೆ ಕಳಚಿ ಬಂದರೆ ಅದು ಬೇರುಕೊಳೆ. ನಿಂತ ನೀರಿನಲ್ಲಿ ವೃದ್ಧಿಯಾಗುವ ಪಿಥಿಯಂ ಎಂಬ ಸೂಕ್ಷ್ಮಜೀವಿಯು ಇವೆರಡಕ್ಕೂ ಮುಖ್ಯ ಕಾರಣ.

೨. ಬುಡದ ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದುಬಣ್ಣದ ಗೆರೆಗಳು ಕಂಡರೆ, ಅದು ಫ್ಯುಸೇರಿಯಂ ಶಿಲೀಂಧ್ರದಿಂದಾಗುವ ಸೊರಗುರೋಗ. ನಮ್ಮ ತೊಗರಿಯ ನೆಟೆರೋಗಕ್ಕೂ ಇದೇ ಕುಲದ ಶಿಲೀಂಧ್ರವೇ ಕಾರಣವಾದರೂ ಅದರ ಜಾತಿ ಬೇರೆ. ತೊಗರಿಯ ನೆಟೆಯು ಸವತೆಗೆ ತಗುಲದು.

೩. ಬುಡದಲ್ಲಿ ಬಿಳಿಯ ಬೂಷ್ಟೂ ಸಾಸಿವೆಯಂತಹ ಕಂದು ಕಾಳುಗಳೂ ಇದ್ದರೆ ಅದು ಬುಡಕೊಳೆ. ಈ ರೋಗವು ಕಡಲೆಗೂ ಶೇಂಗಾಕ್ಕೂ ತಗುಲುತ್ತದೆ.

೪. ಕಾಂಡವು ಬಿರಿದು ಕೆಂಗಂದು ಅಂಟು ಸ್ರವಿಸುತ್ತಿದ್ದರೆ ಅದು ಅಂಟುಕಾಂಡ ರೋಗ. ಇದು ಬೀಜದ ಮೂಲಕವೂ ಹರಡುತ್ತದೆ.

ಭೂಮಿಯ ಗುಣ

ಬೀದರ ನಗರವು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲಿದೆ. ಅದರ ಸುತ್ತಣ ಕೆಂಪುಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಅಲ್ಲಿ ಮೇಲಿಂದ ಮೇಲೆ ನೀರು ಕೊಡಬೇಕಾಗುವುದರಿಂದ ಬಳ್ಳಿಯ ಬುಡವು ಸದಾ ಒದ್ದೆಯಾಗಿರುವ ಭಯವುಂಟು. ಭಾಲ್ಕಿ ಮತ್ತು ಔರಾದ ತಾಲೂಕುಗಳ ಎರೆಭೂಮಿಯಾದರೋ ಬೇಸಿಗೆಯಲ್ಲಿ ಬಿರುಕುಬಿಟ್ಟು, ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರಂಜಾ ಜಲಾಶಯದ ಕಾಲುವೆಯ ನೀರು ಹಾಯುವಲ್ಲಿಯೂ, ಮಾಂಜ್ರಾ ನದಿಯ ದಡದ ತಗ್ಗು ಹೊಲಗಳಲ್ಲಿಯೂ ವಿಶೇಷ ಎಚ್ಚರಿಕೆ ಅವಶ್ಯಕ.

ಬಿತ್ತನೆಗೆ ಮೊದಲು

ಎರೆಭೂಮಿಯಲ್ಲಿ ಒಂದು ಅಡಿ ಎತ್ತರದ ಏರುಮಡಿಗಳನ್ನು ಮಾಡಿ, ನಡುವೆ ನೀರು ಹರಿದುಹೋಗಲು ಕಾಲುವೆ ತೆಗೆಯತಕ್ಕದ್ದು. ಬೀಜವನ್ನು ಮಡಿಯ ಮೇಲೆಯೇ ಊರಬೇಕು. ಸಾಲಿನಿಂದ ಸಾಲಿಗೆ ೫ ಅಡಿ, ಬಳ್ಳಿಯಿಂದ ಬಳ್ಳಿಗೆ ೨ ಅಡಿ ಅಂತರವಿರಲಿ. ಕೆಂಪುಮಣ್ಣಿನಲ್ಲಿಯೂ ನೀರು ಬುಡಕ್ಕೆ ತಾಗದಂತೆ ಪಕ್ಕದಲ್ಲಿ ಹಾಯಿಸುವುದು ಲೇಸು.

ಸಸಿಮಡಿಯ ಮಣ್ಣನ್ನು ಏಪ್ರಿಲ್–ಮೇ ತಿಂಗಳುಗಳಲ್ಲಿ ನೀರಿನಿಂದ ತೋಯಿಸಿ, ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಬಿಡಬೇಕು. ನಮ್ಮ ಸೀಮೆಯ ಕಡುಬಿಸಿಲೇ ಇಲ್ಲಿ ಔಷಧವಾಗುತ್ತದೆ.

ಟ್ರೈಕೋಡರ್ಮಾ ಎಂಬುದು ರೋಗಕಾರಕ ಶಿಲೀಂಧ್ರಗಳನ್ನು ನಾಶಪಡಿಸುವ ಉಪಕಾರಿ ಶಿಲೀಂಧ್ರ. ಇದರ ೪ ಗ್ರಾಂ ಪುಡಿಯನ್ನು ಒಂದು ಕಿಲೋ ಬೀಜಕ್ಕೆ ಲೇಪಿಸಬೇಕು. ಎಕರೆಗೆ ೨ ಕಿಲೋ ಪುಡಿಯನ್ನು ೧೦೦ ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವವಾಗಿ ಹದಿನೈದು ದಿನವಿರಿಸಿ ಮಡಿಗೆ ಸೇರಿಸುವುದು ಉತ್ತಮ.

ಒಂದೇ ಹೊಲದಲ್ಲಿ ಸವತೆ, ಕಲ್ಲಂಗಡಿ, ಕುಂಬಳಗಳನ್ನು ಒಂದರ ಹಿಂದೊಂದರಂತೆ ಬೆಳೆಯಬಾರದು. ಬುಡಕೊಳೆ ಕಂಡ ಕಡಲೆಯ ಹೊಲವನ್ನೂ ವರ್ಜಿಸಬೇಕು. ಎರಡು ಮೂರು ವರ್ಷ ಜೋಳ ಅಥವಾ ಮೆಕ್ಕೆಜೋಳವನ್ನು ಬೆಳೆದು, ಬಳಿಕ ಸವತೆ ಹಾಕುವುದು ಹಿತಕರ.

ರೋಗ ಕಂಡ ಮೇಲೆ

ರೋಗಪೀಡಿತ ಬಳ್ಳಿಗಳನ್ನು ಬೇರಿನ ಮಣ್ಣಿನೊಡನೆ ಕಿತ್ತು ಹೊಲದ ಹೊರಗೆ ಸುಡತಕ್ಕದ್ದು. ಅವುಗಳನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದೊಡನೆ ರೋಗವೂ ಹೊಲಕ್ಕೆ ಮರಳುತ್ತದೆ. ಬೇರುಕೊಳೆಯಾದಲ್ಲಿ, ಲೀಟರು ನೀರಿಗೆ ೩ ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸುತ್ತಲಿನ ಆರೋಗ್ಯವಂತ ಬಳ್ಳಿಗಳ ಬುಡಕ್ಕೆ ಹೊಯ್ಯಬಹುದು. ಆದರೆ ಇದನ್ನು ಟ್ರೈಕೋಡರ್ಮಾದೊಡನೆ ಬೆರೆಸಕೂಡದು, ಬೆರೆಸಿದರೆ ಉಪಕಾರಿ ಶಿಲೀಂಧ್ರಕ್ಕೂ ಹಾನಿಯಾಗುತ್ತದೆ. ಸೊರಗುರೋಗದಿಂದ ಒಳಗೆಲ್ಲ ಕಂದಿದ ಬಳ್ಳಿಯನ್ನು ಯಾವ ಔಷಧವೂ ಬದುಕಿಸಲಾರದು. ಅದಕ್ಕಾಗಿ ವೆಚ್ಚಮಾಡುವುದು ವ್ಯರ್ಥ. ರೋಗವಾವುದೆಂದು ಸಂದೇಹವಿದ್ದರೆ, ಕಿತ್ತ ಬಳ್ಳಿಯೊಂದನ್ನು ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸುವುದು ಮೇಲು.

೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣದಿಂದ ಅಡಕೆಯ ಕೊಳೆರೋಗವನ್ನು ತಡೆಯಬಹುದೆಂದು ಮಲೆನಾಡಿನ ಬೆಳೆಗಾರರಿಗೆ ತೋರಿಸಿಕೊಟ್ಟರು. ಅಲ್ಲಿಯೂ ಫಲ ಕೊಟ್ಟದ್ದು ರೋಗಕ್ಕೆ ಮುಂಚಿತವಾದ ಸಿಂಪಡಣೆಯೇ. ಸವತೆಯ ವಿಷಯದಲ್ಲಿಯೂ ಇದೇ ನ್ಯಾಯ. ಈ ಬೇಸಿಗೆಯಲ್ಲಿ ಮಡಿಯನ್ನು ಎತ್ತರಿಸಿದ ರೈತನು ಮಳೆಗಾಲದಲ್ಲಿ ಔಷಧಕ್ಕಾಗಿ ಅಂಗಡಿಗೆ ಅಲೆಯಬೇಕಾದ ಸಂದರ್ಭವು ವಿರಳವಾಗುವುದು.