ನದಿಯ ಮಡುವಿನಲ್ಲಿ ದೊಡ್ಡ ಮಸ್ಕಿ

ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಬದುಕುವ, ಪೈಕ್ ಕುಟುಂಬದಲ್ಲೇ ಅತಿ ದೊಡ್ಡದಾಗಿ ಬೆಳೆಯುವ ಮಸ್ಕಲಂಜ್ ಎಂಬ ಬೇಟೆಗಾರ ಮೀನನ್ನು ಅಲ್ಲಿನವರು ಮಸ್ಕಿ ಎಂದು ಕರೆಯುತ್ತಾರೆ. ಈ ಜಾತಿಯಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದಾಗಿ ಬೆಳೆಯುವುದರಿಂದ, ನಾಲ್ಕು ಅಡಿ ಮೀರಿದ ಮೀನು ಸಾಮಾನ್ಯವಾಗಿ ವಯಸ್ಸಾದ ಹೆಣ್ಣೇ ಆಗಿರುತ್ತದೆ.

ಸರೋವರದಲ್ಲಿ ಮಸ್ಕಿ ಎಲ್ಲಿ ಬೇಕಾದರೂ ಅಲೆದಾಡಬಹುದು. ನದಿಯಲ್ಲಾದರೋ ಸೆಳವು ಅದರ ನೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹರಿವಿನ ವಿರುದ್ಧ ಸದಾ ಈಜಿ ಶಕ್ತಿ ವ್ಯಯಿಸುವ ಬದಲು ಅದು ಬಂಡೆಯ ಹಿಂದೆ, ಉರುಳಿಬಿದ್ದ ಮರದ ಮರೆಯಲ್ಲಿ, ತಿರುವಿನ ಆಳವಾದ ಮಡುವಿನಲ್ಲಿ ನಿಂತು, ವೇಗದ ನೀರೂ ನಿಧಾನದ ನೀರೂ ಸಂಧಿಸುವ ಅಂಚಿನಲ್ಲಿ ತೇಲಿಬರುವ ಸಣ್ಣ ಮೀನುಗಳಿಗೆ ಹೊಂಚು ಹಾಕುತ್ತದೆ. ಆದ್ದರಿಂದ ದೊಡ್ಡ ಮಸ್ಕಿಯನ್ನು ಹಿಡಿಯಬಯಸುವವರು ಇಡೀ ನದಿಯನ್ನು ಜಾಲಾಡುವುದಕ್ಕಿಂತ, ಇಂಥ ಕೆಲವೇ ಜಾಗಗಳಿಗೆ ಹೊತ್ತು ಬದಲಿಸಿ ಮತ್ತೆ ಮತ್ತೆ ಮರಳುವುದೇ ಲೇಸು.

ಚಳಿಗಾಲಕ್ಕೆ ಮುನ್ನ ಮೀನು ಮೈ ತುಂಬಿಕೊಳ್ಳುವ ಶರತ್ಕಾಲದಲ್ಲಿ ಒಂದಡಿ ಉದ್ದದ ಕೃತಕ ಎರೆಯೂ ಅತಿಯಲ್ಲ. ಎರೆಯನ್ನು ದೋಣಿಯವರೆಗೂ ಹಿಂಬಾಲಿಸಿ ಬಂದು ಕಚ್ಚದೆ ತಿರುಗಿಬಿಡುವುದು ಮಸ್ಕಿಯ ಸ್ವಭಾವವಾದ್ದರಿಂದ, ಅನುಭವಿಗಳು ಎರೆಯನ್ನು ಥಟ್ಟನೆ ಮೇಲೆತ್ತದೆ, ಗಾಳದ ಕೋಲಿನ ತುದಿಯನ್ನು ನೀರಿನಲ್ಲಿ ಮುಳುಗಿಸಿ, 8ರ ಆಕಾರದಲ್ಲಿ ಸುತ್ತಿಸುತ್ತಾರೆ. ತಿರುವುಗಳು ಅಗಲವಾಗಿದ್ದಷ್ಟೂ ಉದ್ದನೆಯ ಮೀನಿಗೆ ಹೊರಳಿ ಕಚ್ಚಲು ಅನುಕೂಲ. ಚೂಪಾದ ಹಲ್ಲುಗಳು ದಾರವನ್ನು ಕತ್ತರಿಸದಂತೆ ಎರೆಯ ಮುಂದೆ ಉಕ್ಕಿನ ತಂತಿಯನ್ನು ಜೋಡಿಸುವುದು ವಾಡಿಕೆ.

ನೀರಿನ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಗಾಳವನ್ನು ಬದಿಗಿಡಲೇಬೇಕು, ಏಕೆಂದರೆ ಆಗ ಸೆಣಸಿ ದಣಿದ ಮೀನು ಬಿಟ್ಟ ಮೇಲೂ ಸಾಯುವ ಅಪಾಯ ಹೆಚ್ಚು. ಉಳಿದ ಕಾಲದಲ್ಲೂ ಹಿಡಿದ ಮೀನನ್ನು ದೊಡ್ಡ ಬಲೆಯೊಳಗೆ ನೀರಿನಲ್ಲೇ ಇರಿಸಿ, ಇಕ್ಕಳದಿಂದ ಕೊಕ್ಕೆ ಬಿಡಿಸಿ, ಅದು ತಾನಾಗಿ ಈಜುವವರೆಗೆ ಆಸರೆ ಕೊಡಬೇಕು.