ಹರಿದಾಡುವ ಚಿತ್ರ, ನೋಯುವ ಜೀವ



2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನವಿತ್ತು. ಅದಕ್ಕೆ ಕೆಲವೇ ದಿನ ಮೊದಲು ಆ ಜಿಲ್ಲೆಯ ಸಾರ್ವಜನಿಕ ಸ್ಥಳಗಳಲ್ಲಿ ಪೆನ್‌ಡ್ರೈವ್‌ಗಳು ಬಿದ್ದು ಸಿಕ್ಕವು. ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸುವ ದೃಶ್ಯಗಳು ಅವುಗಳಲ್ಲಿದ್ದವು. ಹಲವಾರು ಸ್ತ್ರೀಯರು ಆ ದೃಶ್ಯಗಳಲ್ಲಿದ್ದರು, ಅವರ ಮುಖಗಳನ್ನು ಯಾರೂ ಮರೆಮಾಡಿರಲಿಲ್ಲ. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಲು ಬಸ್ಸಿಗೆ ನಾಲ್ಕು ತಾಸು ಬೇಕು. ಆ ದೃಶ್ಯಗಳಿಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಆ ವಾರ ನಮ್ಮ ನಗರದ ಹೋಟೆಲುಗಳಲ್ಲಿ, ಕಚೇರಿಗಳಲ್ಲಿ, ಮದುವೆಯ ಮನೆಗಳಲ್ಲಿಯೂ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: "ನಿಮಗೆ ಬಂತೇ?"

ಅನ್ಯಾಯವನ್ನು ಬಯಲಿಗೆಳೆಯುವ ಹೆಸರಿನಲ್ಲಿ ನಡೆದ ಈ ಹಂಚಿಕೆಯಿಂದ ಬಯಲಿಗೆ ಬಿದ್ದವರು ಆ ಸ್ತ್ರೀಯರು. ಕೆಲವರು ಊರು ಮನೆಗಳನ್ನು ತೊರೆದರೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು. ದೃಶ್ಯಗಳನ್ನು ಹಂಚುವುದೂ ಅಪರಾಧವೆಂದು ವಿಶೇಷ ತನಿಖಾ ತಂಡವೇ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಒಬ್ಬನಿಂದ ಆದ ಗಾಯ ಒಂದಾದರೆ, ಸಾವಿರಾರು ಬೆರಳುಗಳಿಂದ ಆದ ಗಾಯ ಇನ್ನೊಂದು. ಈ ಎರಡನೆಯದರ ಕುರಿತು ನಾವು ಮಾತನಾಡುವುದು ಕಡಿಮೆ. ಅದರಲ್ಲಿ ನಮ್ಮ ಪಾಲೂ ಇರುವುದರಿಂದಲೋ ಏನೋ!

ಮಠದ ಅಂಗಳದಲ್ಲಿ ಇಂಥ ವಿಷಯವೇಕೆ ಎಂದು ಹಿರಿಯರು ಕೆಲವರು ಕೇಳಬಹುದು. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ಕುಟುಂಬಗಳು ನಮ್ಮ ಭಕ್ತವೃಂದದಲ್ಲಿ ಬಹಳ. ನರ್ಸಿಂಗ್, ಎಂಜಿನಿಯರಿಂಗ್ ಓದಲು ಬಂದು ಹಾಸ್ಟೆಲ್‌ಗಳಲ್ಲಿರುವ ಮಕ್ಕಳೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಇಂಥ ಕಷ್ಟ ಒದಗಿದಾಗ ಇಲ್ಲಿ ಅಕ್ಕಪಕ್ಕದವರ ಭಯ, ಅಲ್ಲಿ ಊರಿನವರ ಭಯ. "ಬುದ್ಧಿ, ಊರಿಗೆ ಗೊತ್ತಾದರೆ ಹೇಗೆ?" ಎಂಬ ಮಾತು ಗುರುಗಳ ಮುಂದೆ ಕಣ್ಣೀರಿನೊಂದಿಗೆ ಬಂದದ್ದುಂಟು. ಆದ್ದರಿಂದ ಇದನ್ನು ಬರೆಯದೆ ನಿರ್ವಾಹವಿಲ್ಲ.

ಈ ನೋವಿನ ಸ್ವರೂಪವನ್ನು ಮೊದಲು ಅರಿಯಬೇಕು. ಬೇರೆ ಗಾಯಗಳಿಗೆ ಕಾಲವೇ ಮದ್ದು, ದಿನ ಕಳೆದಂತೆ ಘಟನೆ ಹಿಂದೆ ಸರಿಯುತ್ತದೆ. ಚಿತ್ರ ಹಾಗೆ ಹಿಂದೆ ಸರಿಯುವುದಿಲ್ಲ. ಯಾರೋ ಅದನ್ನು ಹೊಸದಾಗಿ ತೆರೆದ ಕ್ಷಣದಲ್ಲಿ ಅದು ಇಂದಿನ ಘಟನೆಯಾಗುತ್ತದೆ. ಯಾರು ಕಂಡಿದ್ದಾರೆ, ಯಾರು ಕಂಡಿಲ್ಲ ಎಂಬುದು ನೊಂದವಳಿಗೆ ಎಂದಿಗೂ ತಿಳಿಯದು. ಬಸ್ಸಿನಲ್ಲಿ ನಿರ್ವಾಹಕ ಎರಡನೆಯ ಸಲ ನೋಡಿದರೆ, ತರಗತಿಯಲ್ಲಿ ಹಿಂದಿನ ಬೆಂಚಿನವರು ನಕ್ಕರೆ, ಅಂಗಡಿಯವನು ಚಿಲ್ಲರೆ ಕೊಡುವಾಗ ತಡೆದರೆ, ಅದು ತನ್ನ ಕುರಿತೇ ಎಂದು ಅವಳ ಎದೆ ಹೊಡೆದುಕೊಳ್ಳುತ್ತದೆ. ನಿದ್ರೆ ಹೋಗುತ್ತದೆ, ಓದು ನಿಲ್ಲುತ್ತದೆ, ಕೆಲಸ ಬಿಡುತ್ತಾಳೆ, ದೂರವಾಣಿ ಸಂಖ್ಯೆ ಬದಲಿಸುತ್ತಾಳೆ, ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಡುವವರಿದ್ದಾರೆ. ಜೀವವನ್ನೇ ಕಳೆದುಕೊಳ್ಳುವ ಯೋಚನೆ ಬರುವುದು ಇಂಥ ಒಂಟಿತನದಲ್ಲಿಯೇ.

ನಮ್ಮ ಜಿಲ್ಲೆಯ ಪುತ್ತೂರಿನಲ್ಲಿ 2019ರ ಜುಲೈ ತಿಂಗಳಲ್ಲಿ ಬೆಳಕಿಗೆ ಬಂದ ಪ್ರಕರಣವನ್ನು ಅನೇಕರು ಮರೆತಿರಲಾರರು. ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿ, ಅದನ್ನು ಮೊಬೈಲಿನಲ್ಲಿ ಚಿತ್ರಿಸಿದ ಆರೋಪದಲ್ಲಿ ಐವರು ವಿದ್ಯಾರ್ಥಿಗಳ ಬಂಧನವಾಯಿತು. ಆ ದೃಶ್ಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಡಿದ ಬಳಿಕವೇ ವಿಷಯ ಹೊರಬಿದ್ದದ್ದು. ಅಲ್ಲಿಯವರೆಗೆ ಮೌನ. ಇಂಥ ಪ್ರಕರಣಗಳಲ್ಲಿ ಚಿತ್ರವೇ ಹಗ್ಗವಾಗುತ್ತದೆ. ಬಾಯಿ ಬಿಟ್ಟರೆ ಹರಿಯಬಿಡುತ್ತೇವೆ ಎಂಬ ಒಂದು ಮಾತಿನಿಂದ ಹುಡುಗಿಯನ್ನು ಎಷ್ಟು ತಿಂಗಳಾದರೂ ಕಟ್ಟಿಹಾಕಬಹುದು. ಆ ಹಗ್ಗಕ್ಕೆ ಬಲ ಬರುವುದು ಬೆದರಿಸುವವನ ಕೈಯಿಂದಲ್ಲ, ನೋಡಲು ಕಾದಿರುವ ಊರಿನಿಂದ ಮತ್ತು ಬೈಯಲು ಕಾದಿರುವ ಮನೆಯಿಂದ.

ಇಲ್ಲಿ ಭಾಷೆಯ ಕುರಿತು ಒಂದು ಮಾತು. "ವಿಡಿಯೊ ವೈರಲ್ ಆಯಿತು" ಎನ್ನುತ್ತೇವೆ, "ಅವಳ ಮಾನ ಹೋಯಿತು" ಎನ್ನುತ್ತೇವೆ. ಕನ್ನಡ ವ್ಯಾಕರಣ ಓದಿದವರು ಗಮನಿಸಬೇಕು: ಎರಡೂ ವಾಕ್ಯಗಳಲ್ಲಿ ಮಾಡಿದವನು ಕಾಣೆಯಾಗಿದ್ದಾನೆ. ಮಳೆ ಬಂತು, ಗಾಳಿ ಬೀಸಿತು ಎಂಬಂತೆ ತಾನಾಗಿಯೇ ಆದದ್ದು! ಚಿತ್ರ ತಾನಾಗಿ ಹರಡುವುದಿಲ್ಲ, ಒಬ್ಬೊಬ್ಬನೂ ಗುಂಡಿ ಒತ್ತಿದ್ದರಿಂದ ಹರಡುತ್ತದೆ. ಮಾನ ಹೋಗಬೇಕಾದದ್ದೂ ಹಾಗೆ ಒತ್ತಿದವರದೇ ಹೊರತು ಚಿತ್ರದಲ್ಲಿರುವವಳದಲ್ಲ.

"ಅವಳೇ ಕಳುಹಿಸಿದ್ದಳಲ್ಲವೇ?" ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಗಂಡನಿಗೋ ಮದುವೆಯಾಗಲಿರುವವನಿಗೋ ನಂಬಿಕೆಯಿಂದ ಕೊಟ್ಟ ಚಿತ್ರ ಊರಿಗೆ ಕೊಟ್ಟ ಚಿತ್ರವಲ್ಲ. ಈ ವಿವೇಕವನ್ನು ಕಾನೂನೂ ಒಪ್ಪಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು, ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವೆಂದು ಬಿಡಿಸಿ ಹೇಳುತ್ತದೆ. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮರುಕಳಿಸಿದರೆ ಮೂರರಿಂದ ಏಳು ವರ್ಷ ಸೆರೆ. ಪಶ್ಚಿಮ ಬಂಗಾಳದ ತಾಮ್ಲುಕ್‌ನ ನ್ಯಾಯಾಲಯ 2018ರಲ್ಲಿಯೇ, ಸಂಬಂಧ ಮುರಿದ ಹುಡುಗಿಯ ಚಿತ್ರಗಳನ್ನು ಜಾಲತಾಣಕ್ಕೆ ಏರಿಸಿದ ಯುವಕನಿಗೆ ಐದು ವರ್ಷ ಶಿಕ್ಷೆ ವಿಧಿಸಿತ್ತು.

ಈಗಂತೂ ಚಿತ್ರ ಕೊಟ್ಟಿರಬೇಕೆಂದೂ ಇಲ್ಲ. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬಳ ದೇಹಕ್ಕೆ ಜೋಡಿಸಿದ ನಕಲಿ ದೃಶ್ಯ ದೇಶವೆಲ್ಲ ಸುತ್ತಿತು. ಆ ನಟಿ ತಮ್ಮ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು, ಸಮಾಜ ಕೇಳಿಸಿಕೊಂಡಿತು. ದೇಹ ಯಾರದಾಗಿತ್ತೋ ಆಕೆಯನ್ನು ಕೇಳಿದವರು ಕಡಿಮೆ. ಮನೆಯ ಶುಭಕಾರ್ಯದ ಒಂದು ಫೋಟೊ ಸಾಕು, ನಾಳೆ ಯಾರ ಮನೆಯ ಮಗಳಿಗೂ ಇದು ಸಂಭವಿಸಬಹುದು. ಸಾಲದ ಆ್ಯಪ್‌ಗಳ ವಸೂಲಿಗಾರರು ಸಾಲಗಾರರ ಫೋಟೊ ತಿರುಚಿ, ಅವರ ಮೊಬೈಲಿನಲ್ಲಿರುವ ನಂಟರಿಗೆಲ್ಲ ಕಳುಹಿಸಿದ ದೂರುಗಳು ಪೊಲೀಸರ ಬಳಿ ಬಂದಿವೆ.

ಪುರುಷರೂ ಇದಕ್ಕೆ ಹೊರತಲ್ಲ. ಅಪರಿಚಿತ ವಿಡಿಯೊ ಕರೆ, ಕೆಲವು ನಿಮಿಷಗಳ ಸಲುಗೆ, ಆಮೇಲೆ ಹಣದ ಬೇಡಿಕೆ. ಅಂದಿನ ರಾಮನಗರ ಜಿಲ್ಲೆಯ ಕಂಚುಗಲ್ ಬಂಡೆಮಠದ ಬಸವಲಿಂಗ ಸ್ವಾಮಿಗಳು 2022ರ ಅಕ್ಟೋಬರ್‌ನಲ್ಲಿ ಪ್ರಾಣ ಕಳೆದುಕೊಂಡರು. ವಿಡಿಯೊ ಕರೆಯ ಚಿತ್ರಗಳನ್ನಿಟ್ಟು ಅವರನ್ನು ಬೆದರಿಸಲಾಗಿತ್ತೆಂದು ಪೊಲೀಸರು ಪ್ರಕರಣ ದಾಖಲಿಸಿ ಬಂಧನಗಳನ್ನೂ ಮಾಡಿದರು. ನಮ್ಮ ಸಮಾಜದ ಪೀಠವೊಂದರ ದುರಂತವಿದು, ಮುಚ್ಚಿಟ್ಟು ಮಾತನಾಡುವುದರಲ್ಲಿ ಅರ್ಥವಿಲ್ಲ. ನೂರಾರು ಭಕ್ತರ ಕಷ್ಟ ಕೇಳುತ್ತಿದ್ದವರಿಗೆ ತಮ್ಮ ಕಷ್ಟ ಹೇಳಿಕೊಳ್ಳಲು ಒಬ್ಬರೂ ಇಲ್ಲವಾದರೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಇನ್ನು ನೋಡುವವರ ವಿಚಾರ. "ನಾನು ಯಾರಿಗೂ ತೊಂದರೆ ಮಾಡಿಲ್ಲ, ಸುಮ್ಮನೆ ನೋಡಿದೆ" ಎಂಬುದು ಸಾಮಾನ್ಯ ಸಮಜಾಯಿಷಿ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಅಶ್ಲೀಲ ದೃಶ್ಯ ನೋಡಿದ ಆರೋಪದ ಪ್ರಕರಣದಲ್ಲಿ ನಮ್ಮ ರಾಜ್ಯದ ಮೂವರು ಸಚಿವರು ರಾಜೀನಾಮೆ ಕೊಟ್ಟಾಗ ನಾಡೆಲ್ಲ ನಗೆಯಾಡಿತು. ಸದನದ ಘನತೆಯ ಕುರಿತು ಸಂಪಾದಕೀಯಗಳು ಬಂದವು. ಆ ಪುಟ್ಟ ಪರದೆಯೊಳಗಿದ್ದ ಹೆಣ್ಣು ಯಾರು, ಅವಳ ಒಪ್ಪಿಗೆಯಿತ್ತೇ ಎಂದು ಕೇಳಿದ ದನಿ ನಮಗಂತೂ ನೆನಪಿಲ್ಲ. ನೋಡುವವನಿಗೆ ಅದನ್ನು ತಿಳಿಯುವ ದಾರಿಯೂ ಇಲ್ಲ. ಜಗತ್ತಿನ ಅತಿ ದೊಡ್ಡ ಅಶ್ಲೀಲ ಜಾಲತಾಣಗಳಲ್ಲೊಂದು, ಮಕ್ಕಳ ಹಾಗೂ ಬಲಾತ್ಕಾರದ ದೃಶ್ಯಗಳು ತನ್ನಲ್ಲಿರುವುದನ್ನು ಪತ್ರಿಕೆಯೊಂದು ಬಯಲು ಮಾಡಿದ ಬಳಿಕ, 2020ರ ಡಿಸೆಂಬರ್‌ನಲ್ಲಿ ಯಾರು ಏರಿಸಿದ್ದೆಂಬ ಖಾತರಿಯಿಲ್ಲದ ವಿಡಿಯೊಗಳನ್ನೆಲ್ಲ ಕಿತ್ತುಹಾಕಿತು. 1 ಕೋಟಿ 30 ಲಕ್ಷಕ್ಕೂ ಹೆಚ್ಚಿದ್ದ ವಿಡಿಯೊಗಳು ಸುಮಾರು 30 ಲಕ್ಷಕ್ಕೆ ಇಳಿದವು. ಅಳಿಸಿದವುಗಳಲ್ಲಿ ಯಾವುದು ಸಮ್ಮತಿಯದು, ಯಾವುದು ಕಣ್ಣೀರಿನದು ಎಂದು ನೋಡಿದವರು ಬೇರ್ಪಡಿಸಬಲ್ಲರೇ?

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಮಕ್ಕಳ ಲೈಂಗಿಕ ದೃಶ್ಯಗಳನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಲ್ಲದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ತೀರ್ಪಿತ್ತಿತು. ಅಂಥವನ್ನು "ಮಕ್ಕಳ ಅಶ್ಲೀಲ ಚಿತ್ರ" ಎನ್ನದೆ ಮಕ್ಕಳ ಶೋಷಣೆಯ ಸಾಮಗ್ರಿ ಎಂದೇ ಕರೆಯಬೇಕೆಂದೂ ಹೇಳಿತು. ಹೆಸರು ತಿದ್ದುವುದು ಚಿಕ್ಕ ಕೆಲಸವಲ್ಲ ಎಂಬುದು ನಮ್ಮ ಭಾವನೆ. "ನೋಡಿ ಎಂಥ ಕಾಲ ಬಂತು" ಎಂಬ ಕಾಳಜಿಯ ಒಕ್ಕಣೆಯೊಂದಿಗೆ ಕುಟುಂಬದ ಗುಂಪಿಗೆ ಇಂಥದನ್ನು ಕಳುಹಿಸುವ ಹಿರಿಯರಿಗೂ ಇದು ತಿಳಿದಿರಲಿ.

ಮನೆಯವರ ಮೊದಲ ಮಾತಿಗೆ ಬಹಳ ತೂಕವಿದೆ. "ಮೊಬೈಲ್ ಯಾಕಾದರೂ ಕೊಡಿಸಿದೆವೋ", "ಅಪ್ಪನಿಗೆ ಹೇಳಬೇಡ", "ಬೇಗ ಒಂದು ಗಂಡು ನೋಡೋಣ" ಎಂಬ ಮಾತುಗಳು ಬೆದರಿಸುವವನ ಕೆಲಸವನ್ನೇ ಮುಂದುವರಿಸುತ್ತವೆ. "ನಿನ್ನ ತಪ್ಪಿಲ್ಲ ಅವ್ವಾ, ನಾವಿದ್ದೀವಿ" ಎಂದ ತಾಯಿ ಅರ್ಧ ಹಗ್ಗವನ್ನು ಅಲ್ಲಿಯೇ ಕತ್ತರಿಸುತ್ತಾಳೆ. ಸಂಕವ್ವೆಯ ಹೆಸರಿನ ಹಿಂದೆ ಲೋಕ ಹಚ್ಚಿದ "ಸೂಳೆ" ಎಂಬ ಪದವಿದ್ದರೂ ಆಕೆಯನ್ನು ಶರಣೆಯೆಂದು ಕರೆದು, ಆಕೆಯ ವಚನವನ್ನು ಕಾಪಾಡಿಕೊಂಡು ಬಂದ ಪರಂಪರೆ ನಮ್ಮದು. ಮನೆಯ ಮಗಳಿಗೆ ಅಷ್ಟಾದರೂ ಜಾಗ ಸಿಗಬೇಡವೇ?

ದೂರು ಕೊಟ್ಟರೆ ಏನಾದೀತೆಂಬ ನಿರಾಶೆಗೂ ಉತ್ತರವಿದೆ. ಹಾಸನದ ಪ್ರಕರಣಗಳಲ್ಲೊಂದರಲ್ಲಿ ಮನೆಗೆಲಸದ ಹೆಣ್ಣುಮಗಳೊಬ್ಬಳು ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ನುಡಿದಳು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದನಿಗೆ ಜೀವಿತಾವಧಿಯ ಸೆರೆವಾಸ ವಿಧಿಸಿ, ದಂಡದಲ್ಲಿ 11 ಲಕ್ಷ ರೂಪಾಯಿಗೂ ಮಿಕ್ಕ ಹಣವನ್ನು ಆಕೆಗೆ ನೀಡಲು ಆದೇಶಿಸಿತು. ಅತ್ಯಾಚಾರದ ಜೊತೆಗೆ, ಅನುಮತಿಯಿಲ್ಲದೆ ಚಿತ್ರಿಸಿದ ಅಪರಾಧವೂ ಆ ತೀರ್ಪಿನಲ್ಲಿ ಸೇರಿದೆ.

ಇಂಥ ಸಂದರ್ಭ ಬಂದರೆ ಬೆದರಿಸುವವನಿಗೆ ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಗಾಬರಿಯಿಂದ ಸಂದೇಶಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್, ಖಾತೆಯ ಹೆಸರು, ಲಿಂಕ್, ದಿನಾಂಕ ಇವೇ ಸಾಕ್ಷ್ಯ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಹಾಗೂ ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಮಕ್ಕಳಿಗಾಗಿ 1098 ಇದೆ. ನಗರದಲ್ಲಿ ಪೊಲೀಸ್ ಕಮಿಷನರೇಟಿನ ಸೆನ್ ಠಾಣೆ, ಪಾಂಡೇಶ್ವರದ ಮಹಿಳಾ ಠಾಣೆಗಳಿವೆ. ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಸ್ವೀಕರಿಸಬೇಕು, ಹೆಣ್ಣುಮಕ್ಕಳ ಇಂಥ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕೆಂಬ ನಿಯಮವಿದೆ. ಚಿತ್ರದಲ್ಲಿರುವವರೇ ದೂರಿತ್ತರೆ 2 ಗಂಟೆಯೊಳಗೆ ಅದನ್ನು ತೆಗೆಯುವ ಕ್ರಮ ಕೈಗೊಳ್ಳಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಸಾಮಾಜಿಕ ಜಾಲತಾಣಗಳಿಗೆ ವಿಧಿಸಿವೆ. 18 ತುಂಬಿದವರಿಗೆ "ಸ್ಟಾಪ್ ಎನ್‌ಸಿಐಐ", ಅದಕ್ಕಿಂತ ಚಿಕ್ಕವರಿಗೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಗಳುಂಟು. ಚಿತ್ರ ನಿಮ್ಮ ಮೊಬೈಲನ್ನು ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗಿ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೊದಲಾದವುಗಳಲ್ಲಿ ಆ ಚಿತ್ರ ಕಾಣಿಸಿಕೊಳ್ಳದಂತೆ ತಡೆಯಲು ನೆರವಾಗುತ್ತದೆ.

ಠಾಣೆಗೆ ಒಬ್ಬರೇ ಹೋಗಲು ಅಳುಕುವವರ ಜೊತೆ ಮಠದ ಅಕ್ಕನ ಬಳಗದ ತಾಯಂದಿರು ಬರುತ್ತಾರೆ. ಕಾರ್ಯಾಲಯಕ್ಕೆ ಬಂದು "ಅಕ್ಕನವರನ್ನು ಕಾಣಬೇಕು" ಎಂದಷ್ಟೇ ಹೇಳಿದರೆ ಸಾಕು, ಕಾರಣವನ್ನು ಯಾರೂ ಕೇಳುವುದಿಲ್ಲ, ಹೆಸರನ್ನು ದಫ್ತರದಲ್ಲಿ ಬರೆಯುವುದಿಲ್ಲ.